ನೇರ ಪ್ರಸಾರದ ಎಡವಟ್ಟುಗಳು: ಯಾಕ ಆಗ್ತಾವ? ನಗಬೇಕೋ ಬ್ಯಾಡೋ?

 

ಈ ತಿಂಗಳ ನಮ್ಮ ಗೋಡೆ ಪತ್ರಿಕೆಗೆ 'ಸುದ್ದಿ ಮಾಧ್ಯಮಗಳು' ಎಂಬ ವಿಷಯ ಕೊಟ್ಟಿದ್ದಾರೆ. ರೇಡಿಯೋ ಬಗ್ಗೆ ಒಬ್ಬರು, ದಿನಪತ್ರಿಕೆ ಬಗ್ಗೆ ಇಬ್ಬರು ಮೊದಲೇ ಹೆಸರು ಕೊಟ್ಟುಬಿಟ್ಟರು. ನನ್ನ ಪಾಲಿಗೆ ಟಿ.ವಿ. ಉಳಿಯಿತು. ಟಿ.ವಿ.ಯ ಉಪಯೋಗಗಳು, ಟಿ.ವಿ.ಯಿಂದ ಕಣ್ಣಿಗೆ ಆಗುವ ತೊಂದರೆಗಳು ಅಂತ ಬರೆದರೆ ನೀವು ಎರಡು ಸಾಲು ಓದಿ ಪಕ್ಕದ ಒಗಟಿನ ಕಡೆ ಹೋಗ್ತೀರಿ ಅಂತ ನನಗೆ ಗೊತ್ತು. ಅದಕ್ಕೇ ಟಿ.ವಿ. ವಾರ್ತೆ ನೇರ ಪ್ರಸಾರ ಆಗುವಾಗ ಆಗುವ ಎಡವಟ್ಟುಗಳ ಬಗ್ಗೆ ಬರೆಯುತ್ತಿದ್ದೇನೆ. ನಗು ಬರುವ ಸಂಗತಿ ಬಹಳ ಇವೆ. ನಗು ಬರದ ಸಂಗತಿಯೂ ಕೆಲವು ಇವೆ. ಎರಡನ್ನೂ ಓದಿರಿ.

ನೇರ ಪ್ರಸಾರ ಎಂದರೇನು?

ಒಂದು ಕಡೆ ನಡೆಯುತ್ತಿರುವುದನ್ನು ಅದು ನಡೆಯುತ್ತಿರುವಾಗಲೇ ಬೇರೆ ಊರಿನವರಿಗೆ ತೋರಿಸುವುದಕ್ಕೆ ನೇರ ಪ್ರಸಾರ ಎನ್ನುತ್ತಾರೆ. ಮೊದಲು ಚಿತ್ರೀಕರಣ ಮಾಡಿ, ಬೇಡಾದದ್ದನ್ನು ಕತ್ತರಿಸಿ, ಆಮೇಲೆ ತೋರಿಸಿದರೆ ಅದು ಮುದ್ರಿತ ಪ್ರಸಾರ.

ಇದನ್ನು ತಿಳಿಯಲು ಸುಲಭ ಉದಾಹರಣೆ ನಮ್ಮ ಬಯಲಾಟ ಮತ್ತು ಸಿನಿಮಾ. ಸಿನಿಮಾದಲ್ಲಿ ರಾಜನ ಪಾತ್ರದವನು ಮಾತು ಮರೆತರೆ ಮತ್ತೊಮ್ಮೆ, ಮಗದೊಮ್ಮೆ ಹೇಳಿಸಿ, ಚಲೋ ಬಂದದ್ದನ್ನು ಇಟ್ಟುಕೊಳ್ಳುತ್ತಾರೆ. ಬಯಲಾಟದಾಗ ಹಂಗ ನಡೆಯಂಗಿಲ್ಲ. ರಾವಣ ಅಬ್ಬರಿಸುವಾಗ ಅಂಟಿಸಿದ ಮೀಸೆ ಅರ್ಧ ಕಿತ್ತು ಬಂದರೆ ಊರು ಮಂದಿಯೆಲ್ಲ ನೋಡಿಯೇ ಬಿಡುತ್ತಾರೆ. ಆಗ ಸಾರಥಿ ಪಾತ್ರದವನು ಚುರುಕಿದ್ದರೆ ಏನಾದರೂ ಒಂದು ಮಾತು ಹೇಳಿ ಮಂದಿಯನ್ನು ನಗಿಸಿ, ರಾವಣನಿಗೆ ಮೀಸೆ ಒತ್ತಿಕೊಳ್ಳಲು ಪುರಸೊತ್ತು ಮಾಡಿಕೊಡುತ್ತಾನೆ. ನೇರ ಪ್ರಸಾರದ ವಾರ್ತೆಯೂ ಬಯಲಾಟದಂತೆಯೇ. ಅಲ್ಲಿ ಅಳಿಸುವ ರಬ್ಬರ್ ಇರುವುದಿಲ್ಲ.

ನಮ್ಮ ಭಾಗಕ್ಕೆ ಟಿ.ವಿ. ಬಂದ ಕಥೆ

ಇದು ನಿಮಗೆ ಆಶ್ಚರ್ಯ ಆಗಬಹುದು. ನಮ್ಮ ದೇಶದ ಎಷ್ಟೋ ಪಟ್ಟಣಗಳಿಗಿಂತ ಮೊದಲೇ ನಮ್ಮ ಭಾಗದ ಹಳ್ಳಿಗಳಿಗೆ ಟಿ.ವಿ. ಬಂದಿತ್ತು. 1975 ಆಗಸ್ಟ್ 1 ರಿಂದ 1976 ಜುಲೈ 31 ರವರೆಗೆ ಒಂದು ವರ್ಷ ಭಾರತ ಸರಕಾರ ಒಂದು ಪ್ರಯೋಗ ಮಾಡಿತು. ಅದರ ಹೆಸರು 'ಸೈಟ್'. ಉಪಗ್ರಹದ ಮೂಲಕ ಹಳ್ಳಿ ಜನರಿಗೆ ಪಾಠ, ಒಕ್ಕಲುತನ, ಆರೋಗ್ಯದ ವಿಷಯ ತೋರಿಸುವುದು ಅದರ ಉದ್ದೇಶ. ಅಮೆರಿಕದ ನಾಸಾ ಸಂಸ್ಥೆಯ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಇದಕ್ಕೆ ಬಳಸಿದರು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಆರಿಸಿದ್ದರು. ನಮ್ಮ ರಾಜ್ಯದಲ್ಲಿ ಆರಿಸಿದ ಜಿಲ್ಲೆಗಳು ಗುಲ್ಬರ್ಗಾ, ಬಿಜಾಪುರ ಮತ್ತು ರಾಯಚೂರು. ಆಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ತಾಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. ಕೊಪ್ಪಳ ಬೇರೆ ಜಿಲ್ಲೆ ಆದದ್ದು 1997 ರಲ್ಲಿ.

ಟಿ.ವಿ. ಪೆಟ್ಟಿಗೆಯನ್ನು ಹಳ್ಳಿಯ ಶಾಲೆಯಲ್ಲೋ ಪಂಚಾಯಿತಿ ಕಟ್ಟೆಯ ಹತ್ತಿರವೋ ಇಟ್ಟು, ಹೊರಗೆ ಕೋಳಿಗೂಡಿಗೆ ಹಾಕುವಂಥ ತಂತಿ ಜಾಲರಿಯಿಂದ ಮಾಡಿದ ದೊಡ್ಡ ಛತ್ರಿಯನ್ನು ನಿಲ್ಲಿಸುತ್ತಿದ್ದರು. ಆ ಛತ್ರಿ ಸುಮಾರು 10 ಅಡಿ ಅಗಲ. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ದೊಡ್ಡವರಿಗೆ, ದಿನಕ್ಕೆ ನಾಲ್ಕು ತಾಸು ಕಾರ್ಯಕ್ರಮ ಬರುತ್ತಿತ್ತು.

ಆಮೇಲೆ ಮನೆಮನೆಗೆ ದೂರದರ್ಶನ ಬಂತು. ಆ ಕಾಲದ ಎಡವಟ್ಟು ಯಾವುದು ಎಂದು ನಮ್ಮ ಅಪ್ಪನನ್ನು ಕೇಳಿದೆ. "ಎಡವಟ್ಟು ಏನು ಬಂತೋ, ದಿನಾ ಇರತಿತ್ತು. ಚಿತ್ರ ನಿಂತು 'ರುಕಾವಟ್ ಕೇ ಲಿಯೇ ಖೇದ್ ಹೈ' ಅಂತ ಬೋರ್ಡ್ ಬರತಿತ್ತು. ಅಡಚಣೆಗೆ ವಿಷಾದ ಅಂತ ಅದರ ಅರ್ಥ. ನಮಗ ಹಿಂದಿ ಬರತಿದ್ದಿಲ್ಲ, ಆದ್ರ ಆ ಒಂದು ಸಾಲು ಇಡೀ ಓಣಿಗೆ ಬಾಯಿಪಾಠ ಇತ್ತು" ಅಂದರು.

ತೆರೆಯ ಹಿಂದೆ ಏನೇನು ಇರುತ್ತದೆ?

ಎಡವಟ್ಟು ಯಾಕೆ ಆಗುತ್ತದೆ ಎಂದು ತಿಳಿಯಬೇಕಾದರೆ ವಾರ್ತೆ ಓದುವವರ ಸುತ್ತ ಏನಿದೆ ಎಂದು ತಿಳಿಯಬೇಕು.

1) ಓದುವ ಗಾಜು: ವಾರ್ತೆ ಓದುವವರು ಅಷ್ಟು ಉದ್ದ ಸುದ್ದಿಯನ್ನು ಕಾಗದ ನೋಡದೆ ಹೇಗೆ ಹೇಳುತ್ತಾರೆ? ಅವರಿಗೆ ಬಾಯಿಪಾಠ ಬರುತ್ತದೆ ಎಂದು ನಮ್ಮ ತರಗತಿಯಲ್ಲಿ ಬಹಳ ಮಂದಿ ತಿಳಿದಿದ್ದರು. ಹಾಗಲ್ಲ. ಕ್ಯಾಮೆರಾದ ಮುಂದೆ ಒಂದು ಗಾಜನ್ನು ಓರೆಯಾಗಿ ನಿಲ್ಲಿಸಿರುತ್ತಾರೆ. ಕೆಳಗಿನ ಪರದೆಯ ಅಕ್ಷರಗಳು ಆ ಗಾಜಿನಲ್ಲಿ ಕಾಣುತ್ತವೆ. ಓದುವವರಿಗೆ ಅಕ್ಷರ ಕಾಣುತ್ತದೆ, ಗಾಜಿನ ಹಿಂದಿರುವ ಕ್ಯಾಮೆರಾಕ್ಕೆ ಓದುವವರ ಮುಖ ಮಾತ್ರ ಕಾಣುತ್ತದೆ. ಕನ್ನಡಿಯಲ್ಲಿ ಎಡ ಬಲ ಆಗುತ್ತದಲ್ಲ, ಅದಕ್ಕೆ ಕೆಳಗಿನ ಪರದೆಯಲ್ಲಿ ಅಕ್ಷರಗಳನ್ನು ಉಲ್ಟಾ ತೋರಿಸಿರುತ್ತಾರೆ. ಇದಕ್ಕೆ ಟೆಲಿಪ್ರಾಂಪ್ಟರ್ ಎಂದು ಹೆಸರು. ಬಯಲಾಟದಾಗ ಪರದೆಯ ಮರೆಗೆ ಪುಸ್ತಕ ಹಿಡಿದು ನಿಂತು ಮಾತು ಎತ್ತಿಕೊಡುವ ಮಾಸ್ತರ ಇರತಾರಲ್ಲ, ಅದೇ ಕೆಲಸ. ಈ ಗಾಜಿನ ಅಕ್ಷರ ನಿಂತುಬಿಟ್ಟರೆ ಅಥವಾ ಬೇಗ ಓಡಿದರೆ ಓದುವವರ ಪಾಡು ದೇವರಿಗೇ ಪ್ರೀತಿ. ಅದಕ್ಕೇ ಮೇಜಿನ ಮೇಲೆ ಕಾಗದವನ್ನೂ ಇಟ್ಟುಕೊಳ್ಳುತ್ತಾರೆ.

2) ಕಿವಿಯೊಳಗಿನ ಮಾತು: ಅವರ ಕಿವಿಯಲ್ಲಿ ಒಂದು ಸಣ್ಣ ಸಾಧನ ಇರುತ್ತದೆ. ಒಳಕೋಣೆಯಲ್ಲಿ ಕುಳಿತವರು ಅದರಲ್ಲಿ "ಮುಂದಿನ ಸುದ್ದಿಗೆ ಹೋಗಿ", "ಹತ್ತು ಸೆಕೆಂಡು ಉಳಿದಿದೆ" ಎಂದು ಹೇಳುತ್ತಲೇ ಇರುತ್ತಾರೆ. ಒಂದು ಕಿವಿಯಲ್ಲಿ ಬೇರೆಯವರ ಮಾತು ಕೇಳುತ್ತ ಬಾಯಲ್ಲಿ ಬೇರೆಯದನ್ನು ಓದಬೇಕು. ನೀವು ಒಮ್ಮೆ ಪ್ರಯತ್ನ ಮಾಡಿ ನೋಡಿರಿ. ಗೆಳೆಯನಿಗೆ ಕಿವಿಯಲ್ಲಿ 17 ರ ಮಗ್ಗಿ ಹೇಳಲು ಹೇಳಿ, ನೀವು ಗಟ್ಟಿಯಾಗಿ ಪಾಠ ಓದಿರಿ. ನಾವು ಆಟದ ಅವಧಿಯಲ್ಲಿ ಎಂಟು ಮಂದಿ ಮಾಡಿ ನೋಡಿದೆವು. ಒಂದು ಪುಟ ಮುಗಿಸಿದವರು ಯಾರೂ ಇಲ್ಲ.

3) ವರದಿಗಾರರು ಯಾಕೆ ಸುಮ್ಮನೆ ನಿಂತಿರುತ್ತಾರೆ? ಸ್ಟುಡಿಯೋದಿಂದ ಪ್ರಶ್ನೆ ಕೇಳಿದ ಮೇಲೂ ದೂರದ ಊರಿನ ವರದಿಗಾರರು ತಲೆ ಅಲ್ಲಾಡಿಸುತ್ತ ಸ್ವಲ್ಪ ಹೊತ್ತು ಸುಮ್ಮನೆ ನಿಂತಿರುವುದನ್ನು ನೀವು ನೋಡಿರಬೇಕು. ಅವರಿಗೆ ಉತ್ತರ ಗೊತ್ತಿಲ್ಲ ಎಂದು ಅರ್ಥವಲ್ಲ. ಪ್ರಶ್ನೆ ಇನ್ನೂ ಅವರಿಗೆ ಮುಟ್ಟಿರುವುದಿಲ್ಲ! ಪ್ರಸಾರದ ಉಪಗ್ರಹ ಭೂಮಿಯಿಂದ ಸುಮಾರು 36,000 ಕಿ.ಮೀ. ಮೇಲಿದೆ. ಮಾತು ಅಲ್ಲಿಗೆ ಹೋಗಿ ಇಳಿದು ಬರಲು 72,000 ಕಿ.ಮೀ. ಆಯಿತು. ಅಲೆಗಳ ವೇಗ ಸೆಕೆಂಡಿಗೆ 3 ಲಕ್ಷ ಕಿ.ಮೀ. ಭಾಗಿಸಿದರೆ 0.24 ಸೆಕೆಂಡು, ಅಂದರೆ ಕಾಲು ಸೆಕೆಂಡು. ಉತ್ತರ ಬರಲು ಮತ್ತೆ ಕಾಲು ಸೆಕೆಂಡು. ಇದರ ಜೊತೆ ಯಂತ್ರಗಳು ಚಿತ್ರವನ್ನು ಅಂಕಿಗಳಾಗಿ ಮಾಡಿ ಮತ್ತೆ ಚಿತ್ರ ಮಾಡಲು ಇನ್ನೂ ಸ್ವಲ್ಪ ಹೊತ್ತು ಹಿಡಿಯುತ್ತದೆ. ಈ ಲೆಕ್ಕವನ್ನು ವಿಜ್ಞಾನದ ಗುರುಗಳು ನನಗೆ ಕರಿಹಲಗೆ ಮೇಲೆ ಮಾಡಿ ತೋರಿಸಿದರು.

ಹೀಗೆ ಗಾಜು, ಕಿವಿ ಸಾಧನ, ಮೈಕು, ಉಪಗ್ರಹ, ಒಳಕೋಣೆಯ ಮಂದಿ ಎಲ್ಲ ಒಂದೇ ಹೊತ್ತಿಗೆ ಸರಿ ಇರಬೇಕು. ಎತ್ತಿನ ಗಾಡಿಯ ಒಂದು ಕಡಾಣಿ ಬಿದ್ದರೂ ಗಾಲಿ ಕಳಚುತ್ತದಲ್ಲ, ಹಾಗೆ.

ನಗು ತರಿಸಿದ ಎಡವಟ್ಟುಗಳು

ಇವೆಲ್ಲ ನಿಜವಾಗಿ ನಡೆದವು. ಗುರುಗಳ ಮೊಬೈಲಿನಲ್ಲಿ ಕೆಲವನ್ನು ನಾನೂ ನೋಡಿದ್ದೇನೆ.

ನೌಕರಿಗೆ ಬಂದವನು ತಜ್ಞನಾದ: 2006 ರ ಮೇ 8 ರಂದು ಲಂಡನ್ನಿನ ಬಿ.ಬಿ.ಸಿ. ಕಚೇರಿಗೆ ಗೈ ಗೋಮಾ ಎಂಬುವರು ನೌಕರಿಯ ಸಂದರ್ಶನಕ್ಕೆ ಬಂದು ಕುಳಿತಿದ್ದರು. ಅವರ ಊರು ಆಫ್ರಿಕಾದ ಕಾಂಗೋ. ಅದೇ ದಿನ ಗೈ ಕ್ಯೂನಿ ಎಂಬ ಕಂಪ್ಯೂಟರ್ ತಜ್ಞರು ಟಿ.ವಿ.ಯಲ್ಲಿ ಮಾತಾಡಲು ಬಂದು ಇನ್ನೊಂದು ಕಡೆ ಕುಳಿತಿದ್ದರು. ಕರೆಯಲು ಬಂದವರು 'ಗೈ' ಎಂಬ ಹೆಸರಿನಿಂದ ಮೋಸಹೋಗಿ ಗೋಮಾರನ್ನು ಕರೆದುಕೊಂಡು ಹೋದರು. ಅವರು ನೌಕರಿಯ ಸಂದರ್ಶನವೇ ಇರಬೇಕು ಎಂದು ನಡೆದರು. ಕೂರಿಸಿದರು, ಮೈಕು ಸಿಕ್ಕಿಸಿದರು, ದೀಪ ಹತ್ತಿತು. ವಾರ್ತೆ ಓದುವವರು ಇವರನ್ನು ಕ್ಯೂನಿ ಎಂದು ಪರಿಚಯ ಮಾಡಿದಾಗ ಗೋಮಾರ ಕಣ್ಣು, ಬಾಯಿ ಎರಡೂ ಅಗಲವಾದವು. ಆದರೂ ಎದ್ದು ಓಡಲಿಲ್ಲ. ಎರಡು ಆಪಲ್ ಕಂಪನಿಗಳ ನಡುವಿನ ಕೋರ್ಟು ತೀರ್ಪಿನಿಂದ ನಿಮಗೆ ಆಶ್ಚರ್ಯ ಆಯಿತೇ ಎಂದು ಕೇಳಿದರೆ, ಬಹಳ ಆಶ್ಚರ್ಯ ಆಯಿತು ಎಂದರು. ಅದಂತೂ ನೂರಕ್ಕೆ ನೂರು ನಿಜ ಇರಬೇಕು! ನಿಜವಾದ ತಜ್ಞರು ಕುಳಿತಲ್ಲಿಯೇ ಅಲ್ಲಿನ ಟಿ.ವಿ.ಯಲ್ಲಿ ತನ್ನ ಹೆಸರಿನಲ್ಲಿ ಬೇರೆಯವರು ಮಾತಾಡುವುದನ್ನು ನೋಡುತ್ತಿದ್ದರು. ಗೋಮಾರಿಗೆ ಆಮೇಲೆ ಆ ನೌಕರಿ ಸಿಗಲಿಲ್ಲ. ಆದರೆ ಲೋಕಕ್ಕೆಲ್ಲ ಅವರ ಗುರುತಾಯಿತು.

ಅಪ್ಪನ ಕೋಣೆಗೆ ಮಕ್ಕಳು ನುಗ್ಗಿದರು: 2017 ರ ಮಾರ್ಚ್ 10 ರಂದು ರಾಬರ್ಟ್ ಕೆಲ್ಲಿ ಎಂಬ ಪ್ರಾಧ್ಯಾಪಕರು ದಕ್ಷಿಣ ಕೊರಿಯಾದ ತಮ್ಮ ಮನೆಯಿಂದಲೇ ಬಿ.ಬಿ.ಸಿ.ಗೆ ಮಾತಾಡುತ್ತಿದ್ದರು. ಆ ದಿನ ಆ ದೇಶದ ಅಧ್ಯಕ್ಷೆಯನ್ನು ಪದವಿಯಿಂದ ಇಳಿಸಿದ್ದರು, ಬಹಳ ಗಂಭೀರ ವಿಷಯ. ಕೋಣೆಯ ಬಾಗಿಲ ಚಿಲಕ ಹಾಕಿರಲಿಲ್ಲ. ಹಿಂದಿನಿಂದ ನಾಲ್ಕು ವರ್ಷದ ಮಗಳು ಕೈ ಬೀಸುತ್ತ ಕುಣಿಯುತ್ತ ಬಂದಳು. ಅವಳ ಹಿಂದೆ ಗಾಲಿ ಬಂಡಿಯಲ್ಲಿ ಕೂಸು ಸುಯ್ಯೆಂದು ಬಂತು. ಅವರ ಹಿಂದೆ ತಾಯಿ ಜಾರುತ್ತ ಓಡಿ ಬಂದು, ಬಗ್ಗಿಕೊಂಡು ಇಬ್ಬರನ್ನೂ ಎಳೆದುಕೊಂಡು ಹೋಗಿ, ನೆಲದ ಮೇಲೆ ತೆವಳಿ ಬಾಗಿಲು ಎಳೆದರು. ಅಪ್ಪ ಮಾತ್ರ ಕ್ಯಾಮೆರಾ ಬಿಟ್ಟು ಏಳಲಿಲ್ಲ, ಕ್ಷಮೆ ಕೇಳಿ ಮಾತು ಮುಂದುವರಿಸಿದರು. ತಮ್ಮನ್ನು ಇನ್ನು ಟಿ.ವಿ.ಗೆ ಕರೆಯುವುದಿಲ್ಲ ಎಂದು ಅವರು ಹೆದರಿದ್ದರಂತೆ. ಆದದ್ದೇ ಬೇರೆ, ಇಡೀ ಜಗತ್ತು ಆ ಮನೆಯವರನ್ನು ಮೆಚ್ಚಿತು. ನಮ್ಮ ಮನೆಯಲ್ಲಿ ತಮ್ಮ ಇದ್ದವರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಕಾಗಿಲ್ಲ.

ನಾಯಿ ಮತ್ತು ಹಂದಿ: 2021 ರ ಏಪ್ರಿಲ್‌ನಲ್ಲಿ ರಷ್ಯಾದ ಮಾಸ್ಕೋದಲ್ಲಿ ಒಬ್ಬ ವರದಿಗಾರ್ತಿ ರಸ್ತೆಯಲ್ಲಿ ನಿಂತು ಹವಾಮಾನ ಹೇಳುತ್ತಿದ್ದರು. ಒಂದು ದೊಡ್ಡ ನಾಯಿ ಜಿಗಿದು ಮೈಕನ್ನೇ ಕಚ್ಚಿಕೊಂಡು ಓಡಿತು. ಅದರ ಹಿಂದೆ ವರದಿಗಾರ್ತಿ ಓಡಿದರು. ಸ್ಟುಡಿಯೋದಲ್ಲಿದ್ದವರಿಗೆ ಏನು ಹೇಳಬೇಕೋ ತಿಳಿಯಲಿಲ್ಲ. 2019 ರ ನವೆಂಬರಿನಲ್ಲಿ ಗ್ರೀಸ್ ದೇಶದಲ್ಲಿ ಒಬ್ಬ ವರದಿಗಾರ ಪ್ರವಾಹದ ಸುದ್ದಿ ಹೇಳುತ್ತಿದ್ದಾಗ ಒಂದು ಹಂದಿ ಅವರ ಬೆನ್ನು ಹತ್ತಿತು. ಅವರು ಅತ್ತ ಸರಿದರೆ ಅದೂ ಅತ್ತ, ಇತ್ತ ಸರಿದರೆ ಅದೂ ಇತ್ತ. ಪ್ರವಾಹದ ಸುದ್ದಿ ಹಂದಿಯ ಸುದ್ದಿಯಾಯಿತು.

ತಪ್ಪು ಮನುಷ್ಯನಿಗೆ ಬೈಗುಳ: ಇದು ನಮ್ಮ ದೇಶದ್ದೇ. 2022 ರ ಮಾರ್ಚ್‌ನಲ್ಲಿ ಉಕ್ರೇನ್ ಯುದ್ಧದ ಬಗ್ಗೆ ಟೈಮ್ಸ್ ನೌ ಚಾನೆಲ್ಲಿನಲ್ಲಿ ಚರ್ಚೆ ನಡೆದಿತ್ತು. ಪರದೆಯ ಮೇಲೆ ಇಬ್ಬರು ವಿದೇಶದವರಿದ್ದರು. ಒಬ್ಬರ ಹೆಸರು ಮ್ಯಾಕ್‌ಆಡಮ್ಸ್. ನಿರೂಪಕರು ಸಿಟ್ಟಿನಿಂದ ಮ್ಯಾಕ್‌ಆಡಮ್ಸ್ ಅವರ ಹೆಸರು ಹಿಡಿದು ಜೋರು ಮಾಡಿದರು. ಆದರೆ ಅಷ್ಟು ಹೊತ್ತು ಮಾತಾಡಿದವರು ಇನ್ನೊಬ್ಬರು! ಪಾಪ, ಮ್ಯಾಕ್‌ಆಡಮ್ಸ್ ಕೊನೆಗೆ ತಾನು ಇನ್ನೂ ಒಂದು ಮಾತೂ ಆಡಿಲ್ಲ ಎಂದು ಹೇಳಬೇಕಾಯಿತು. ಹಿಂದಿನ ಬೆಂಚಿನವನು ಸೀಟಿ ಹೊಡೆದರೆ ಮುಂದಿನ ಬೆಂಚಿನವನಿಗೆ ಪೆಟ್ಟು ಬೀಳುತ್ತದಲ್ಲ, ಹಂಗ.

ಕಾಗದದ ಕಟ್ಟು: 2013 ರಲ್ಲಿ ಬಿ.ಬಿ.ಸಿ.ಯ ಸೈಮನ್ ಮೆಕಾಯ್ ಎಂಬ ವಾರ್ತಾವಾಚಕರು ಗಡಿಬಿಡಿಯಲ್ಲಿ ಕೈಗಣಕದ ಬದಲು ಜೆರಾಕ್ಸ್ ಕಾಗದದ ಕಟ್ಟನ್ನೇ ಹಿಡಿದುಕೊಂಡು ನಿಂತರು. ಇನ್ನು ವಾಪಸ್ ಇಟ್ಟರೆ ಮತ್ತೂ ಕೆಡುತ್ತದೆ ಎಂದು ಅದನ್ನೇ ಹಿಡಿದು ಗಂಭೀರವಾಗಿ ಸುದ್ದಿ ಹೇಳಿದರು.

ಸುದ್ದಿಯೇ ಇಲ್ಲ: ಇದು ಎಡವಟ್ಟೋ ಪ್ರಾಮಾಣಿಕತೆಯೋ ನೀವೇ ಹೇಳಿರಿ. 1930 ರ ಏಪ್ರಿಲ್ 18 ರ ರಾತ್ರಿ ಬಿ.ಬಿ.ಸಿ. ರೇಡಿಯೋದಲ್ಲಿ ವಾರ್ತೆಯ ಹೊತ್ತಿಗೆ 'ಇವತ್ತು ಸುದ್ದಿ ಇಲ್ಲ' ಎಂದು ಹೇಳಿ ಪಿಯಾನೋ ವಾದ್ಯ ಹಾಕಿದರು. ಈಗಿನ ಚಾನೆಲ್ಲುಗಳು ದಿನದ 24 ತಾಸೂ ಸುದ್ದಿ ಹೇಳಬೇಕು. ಸುದ್ದಿ ಇಲ್ಲದಿದ್ದರೂ ಬಾಯಿ ನಿಲ್ಲಿಸುವಂತಿಲ್ಲ. ಎಡವಟ್ಟುಗಳು ಹೆಚ್ಚಾಗಲು ಇದೂ ಒಂದು ಕಾರಣ ಎಂದು ನನ್ನ ಅಭಿಪ್ರಾಯ.

ಇನ್ನೊಂದು ಮಾತು. ಟಿ.ವಿ.ಯಲ್ಲಿ ನಾವು ನೋಡಿ ನಗುವುದೆಲ್ಲ ನೇರ ಪ್ರಸಾರದ್ದಲ್ಲ. ಪಾಕಿಸ್ತಾನದ ಚಾಂದ್ ನವಾಬ್ ಎಂಬ ವರದಿಗಾರರು ಕರಾಚಿ ರೈಲು ನಿಲ್ದಾಣದಲ್ಲಿ ಹಬ್ಬದ ಸುದ್ದಿ ಹೇಳಲು ಹೋದಾಗ ಮಂದಿ ಅಡ್ಡ ಬರುತ್ತಲೇ ಇದ್ದರು, ಅವರು ಮತ್ತೆ ಮತ್ತೆ ಮೊದಲಿನಿಂದ ಹೇಳುತ್ತಲೇ ಇದ್ದರು. 2008 ರಲ್ಲಿ ಅದು ಎಲ್ಲ ಕಡೆ ಹರಡಿತು. 2015 ರ 'ಬಜರಂಗಿ ಭಾಯಿಜಾನ್' ಸಿನಿಮಾದಲ್ಲಿಯೂ ಅಂಥ ದೃಶ್ಯ ಇದೆ. ಆದರೆ ಅದು ಚಿತ್ರೀಕರಣದ ವೇಳೆಯದು, ಪ್ರಸಾರ ಆಗಬಾರದಾಗಿದ್ದದ್ದು. ಹಾಗೆಯೇ 2023 ರ ಜೂನ್‌ನಲ್ಲಿ ಗುಜರಾತಿಗೆ ಚಂಡಮಾರುತ ಬಂದಾಗ ಒಂದು ಹಿಂದಿ ಚಾನೆಲ್ಲಿನ ನಿರೂಪಕಿ ಸ್ಟುಡಿಯೋದ ಒಳಗೇ ಕೊಡೆ ಹಿಡಿದು ಗಾಳಿಗೆ ತೂರಾಡಿದಂತೆ ಮಾಡಿದರು. ಹಿಂದಿನ ಮಳೆ ಗಾಳಿ ಎಲ್ಲ ಕಂಪ್ಯೂಟರಿನಲ್ಲಿ ಕೂಡಿಸಿದ್ದು. ಅದು ಎಡವಟ್ಟಲ್ಲ, ವೇಷ. ಎಡವಿ ಬಿದ್ದವರಿಗೂ ಬೇಕಂತ ಬಿದ್ದವರಿಗೂ ವ್ಯತ್ಯಾಸ ಇದೆ.

ನಗು ನಿಂತ ಸಂಗತಿಗಳು

ಈಗ ಸ್ವಲ್ಪ ಗಂಭೀರವಾಗಿ ಓದಿರಿ.

ಚೀನಾದ ಅಧ್ಯಕ್ಷರು 2014 ರ ಸೆಪ್ಟೆಂಬರಿನಲ್ಲಿ ಭಾರತಕ್ಕೆ ಬಂದಿದ್ದರು. ಅವರ ಹೆಸರು ಷಿ ಜಿನ್‌ಪಿಂಗ್. ಇಂಗ್ಲಿಷಿನಲ್ಲಿ 'ಷಿ' ಎನ್ನುವುದನ್ನು ಎಕ್ಸ್ ಮತ್ತು ಐ ಎಂಬ ಎರಡು ಅಕ್ಷರಗಳಿಂದ ಬರೆಯುತ್ತಾರೆ. ನಾವು ಗಣಿತದಲ್ಲಿ ಕಲಿತ ರೋಮನ್ ಅಂಕಿಯಲ್ಲಿ ಎಕ್ಸ್ ಅಂದರೆ 10, ಐ ಅಂದರೆ 1. ದೂರದರ್ಶನದ ಒಬ್ಬ ವಾರ್ತಾವಾಚಕಿ ರಾತ್ರಿಯ ವಾರ್ತೆಯಲ್ಲಿ ಅದನ್ನು 'ಇಲೆವೆನ್ ಜಿನ್‌ಪಿಂಗ್' ಎಂದು ಓದಿಬಿಟ್ಟರು. ದೇಶವೆಲ್ಲ ನಕ್ಕಿತು. ಇದನ್ನು ಓದಿ ನಾನೂ ನಕ್ಕೆ. ಆದರೆ ಮುಂದಿನ ಸಾಲು ಓದಿದಾಗ ನಗು ನಿಂತಿತು. ಅವರು ಕಾಯಂ ನೌಕರರಲ್ಲ, ದಿನದ ಲೆಕ್ಕದಲ್ಲಿ ಬಂದು ಓದುವವರು. ಅವರನ್ನು ಕೆಲಸದಿಂದ ತೆಗೆದುಹಾಕಿದರು. ಹೆಸರು ತಪ್ಪಾಗಿ ಓದಿದ್ದು ತಪ್ಪೇ, ಇಲ್ಲ ಎನ್ನುವುದಿಲ್ಲ. ಆದರೆ ಓದುವ ಮೊದಲು ಆ ಹೆಸರನ್ನು ಹೀಗೆ ಹೇಳಬೇಕು ಎಂದು ಬರೆದುಕೊಡುವವರು ಒಬ್ಬರಿದ್ದರೆ ಅದು ಆಗುತ್ತಿತ್ತೇ?

ಅದೇ ವರ್ಷ ನವೆಂಬರಿನಲ್ಲಿ ಗೋವಾದ ಚಲನಚಿತ್ರೋತ್ಸವದಿಂದ ದೂರದರ್ಶನಕ್ಕೆ ನೇರ ಪ್ರಸಾರ ಮಾಡುತ್ತಿದ್ದ ನಿರೂಪಕಿಯೊಬ್ಬರು ಗಾಬರಿಯಾಗಿ ತಡವರಿಸಿದರು. ಗೋವಾದ ರಾಜ್ಯಪಾಲರನ್ನು ಭಾರತದ ರಾಜ್ಯಪಾಲರು ಎಂದರು. ಆ ತುಣುಕನ್ನು ಲಕ್ಷಾಂತರ ಮಂದಿ ನೋಡಿ ನಕ್ಕರು, ಕೆಟ್ಟದಾಗಿ ಬರೆದರು. ಆ ಅಪಹಾಸ್ಯದಿಂದ ತಾನು ಎಷ್ಟು ನೊಂದೆ ಎಂದು ಅವರು ಆಮೇಲೆ ಎಲ್ಲರ ಮುಂದೆ ಹೇಳಿಕೊಂಡರು.

2024 ರ ಏಪ್ರಿಲ್‌ನಲ್ಲಿ ಕೋಲ್ಕತ್ತಾ ದೂರದರ್ಶನದಲ್ಲಿ ಬಿಸಿಲಿನ ಅಲೆಯ ಸುದ್ದಿ ಓದುತ್ತಿದ್ದ ವಾರ್ತಾವಾಚಕಿ ಓದುತ್ತ ಓದುತ್ತಲೇ ಪ್ರಜ್ಞೆ ತಪ್ಪಿದರು. ಸ್ಟುಡಿಯೋ ತಂಪು ಮಾಡುವ ಯಂತ್ರ ಕೆಟ್ಟಿತ್ತು, ಅವರ ರಕ್ತದೊತ್ತಡ ಇಳಿದಿತ್ತು. ಆಮೇಲೆ ಚೇತರಿಸಿಕೊಂಡರು. ಬಿಸಿಲಿನ ಸುದ್ದಿ ಓದುವವರೇ ಬಿಸಿಲಿಗೆ ಬಿದ್ದರು ಎಂದು ಇದನ್ನೂ ನಗೆಚಾಟಿಕೆ ಮಾಡಬಹುದು. ಕೊಪ್ಪಳದ ಏಪ್ರಿಲ್ ತಿಂಗಳ ಬಿಸಿಲು ಕಂಡ ನಾವು ಮಾಡಬಾರದು.

ಎಲ್ಲಕ್ಕಿಂತ ದೊಡ್ಡ ಎಡವಟ್ಟು ನಡೆದದ್ದು 1979 ರ ಮಾರ್ಚ್ 22 ರಂದು. ಲೋಕನಾಯಕ ಜಯಪ್ರಕಾಶ ನಾರಾಯಣರು ಮುಂಬಯಿಯ ಜಸ್‌ಲೋಕ್ ಆಸ್ಪತ್ರೆಯಲ್ಲಿದ್ದರು. ಅವರು ತೀರಿಕೊಂಡರು ಎಂದು ಪ್ರಧಾನಿ ಮೊರಾರ್ಜಿ ದೇಸಾಯಿಯವರು ಲೋಕಸಭೆಯಲ್ಲಿಯೇ ಹೇಳಿಬಿಟ್ಟರು. ಸಂಸತ್ತು ಶ್ರದ್ಧಾಂಜಲಿ ಸಲ್ಲಿಸಿತು. ಆಕಾಶವಾಣಿಯೂ ಸುದ್ದಿ ಬಿತ್ತರಿಸಿತು. ಆದರೆ ಜೆ.ಪಿ.ಯವರು ಜೀವಂತ ಇದ್ದರು! ಆಸ್ಪತ್ರೆಗೆ ಒಮ್ಮೆ ಫೋನು ಮಾಡಿ ಕೇಳಿದ್ದರೆ ತಿಳಿಯುತ್ತಿತ್ತು. ಅವರು ತೀರಿಕೊಂಡದ್ದು ಅದೇ ವರ್ಷದ ಅಕ್ಟೋಬರ್ 8 ರಂದು. ಇಲ್ಲಿ ನಾಲಿಗೆ ತೊಡರಲಿಲ್ಲ, ಗಾಜು ಕೆಡಲಿಲ್ಲ. ಎಲ್ಲರೂ ಸ್ಪಷ್ಟವಾಗಿಯೇ ಹೇಳಿದರು. ಹೇಳಿದ್ದೇ ಸುಳ್ಳಾಗಿತ್ತು. ಆದ್ದರಿಂದ ಎಡವಟ್ಟಿನಲ್ಲಿ ಎರಡು ಜಾತಿ ಎಂದು ತಿಳಿಯಬೇಕು. ಒಂದು ನಾಲಿಗೆಯ ಎಡವಟ್ಟು, ಇನ್ನೊಂದು ಸುದ್ದಿಯ ಎಡವಟ್ಟು. ಮೊದಲನೆಯದಕ್ಕೆ ನಾವು ಬಹಳ ನಗುತ್ತೇವೆ, ಎರಡನೆಯದನ್ನು ಬೇಗ ಮರೆಯುತ್ತೇವೆ. ಹಾನಿ ಮಾಡುವುದು ಎರಡನೆಯದೇ.

ಮೈಕಿನ ಎಡವಟ್ಟು ಎಂದು ಮೂರನೆಯದೂ ಒಂದಿದೆ. 2021 ರ ಅಕ್ಟೋಬರಿನಲ್ಲಿ ಬೆಂಗಳೂರಿನ ಒಂದು ಪಕ್ಷದ ಕಚೇರಿಯಲ್ಲಿ ಪತ್ರಿಕಾಗೋಷ್ಠಿ ಶುರುವಾಗುವ ಮೊದಲು ಇಬ್ಬರು ಮುಖಂಡರು ಪಿಸುಪಿಸು ಮಾತಾಡಿಕೊಂಡರು. ಮುಂದೆ ಇದ್ದ ಮೈಕುಗಳು ಅದನ್ನೆಲ್ಲ ಕೇಳಿಸಿಕೊಂಡವು, ಚಾನೆಲ್ಲುಗಳು ತೋರಿಸಿದವು. ಒಬ್ಬರನ್ನು ಪಕ್ಷದಿಂದಲೇ ಹೊರಗೆ ಹಾಕಿದರು. ಗೋಡೆಗೂ ಕಿವಿ ಇರುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಈಗ ಮೇಜಿಗೂ ಇರುತ್ತದೆ.

ನಮ್ಮ ಡ್ಯಾಮಿನ ರಾತ್ರಿ

ಸುದ್ದಿಯ ಎಡವಟ್ಟು ಎಷ್ಟು ಹೆದರಿಸುತ್ತದೆ ಎಂದು ನಮ್ಮ ಊರಿಗೆ ಚೆನ್ನಾಗಿ ಗೊತ್ತು. 2024 ರ ಆಗಸ್ಟ್ 10 ರ ರಾತ್ರಿ ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟೆಯ 19 ನೇ ಕ್ರಸ್ಟ್ ಗೇಟಿನ ಚೈನು ಕಡಿದು ಗೇಟು ಕೊಚ್ಚಿಕೊಂಡು ಹೋಯಿತು. ಮರುದಿನ ಬೆಳಗಾಗುವುದರೊಳಗೆ ಎಲ್ಲ ಚಾನೆಲ್ಲುಗಳಲ್ಲಿಯೂ ಅದೇ ನೇರ ಪ್ರಸಾರ. ನಮ್ಮ ಓಣಿಯಲ್ಲಿ ಯಾರೋ ಅರ್ಧ ಕೇಳಿಸಿಕೊಂಡು "ಡ್ಯಾಮ್ ಒಡೀತಂತ" ಅಂದರು. ಆ ಮಾತು ಹತ್ತು ಮನೆ ದಾಟುವುದರೊಳಗೆ "ನೀರು ಬಂದೇ ಬಿಡ್ತಂತ" ಆಯಿತು. ನಮ್ಮ ಅಜ್ಜಿ ರೇಷನ್ ಕಾರ್ಡು, ಹೊಲದ ಪಹಣಿ ಸೀರೆಯ ಗಂಟಿನಲ್ಲಿ ಕಟ್ಟಿಕೊಂಡು, ಎಮ್ಮೆ ಬಿಚ್ಚಿಕೊಂಡು ಅಂಗಳದಲ್ಲಿ ನಿಂತಿದ್ದಳು. "ಯಪ್ಪಾ, ನಾ ಎಮ್ಮಿ ಬಿಟ್ಟು ಬರಂಗಿಲ್ಲ" ಅಂತ ಅಳುತ್ತಿದ್ದಳು.

ಆಗ ನಮ್ಮ ಅಪ್ಪ ಟಿ.ವಿ. ಮುಂದೆ ಕುಳಿತು ಪೂರ್ತಿ ಸುದ್ದಿ ಕೇಳಿದರು. ಡ್ಯಾಮಿಗೆ ಒಟ್ಟು 33 ಗೇಟುಗಳು. ಹೋಗಿದ್ದು ಒಂದು. 1953 ರಲ್ಲಿ ಮುಗಿದ ಆ ಕಟ್ಟೆಗೆ ಏನೂ ಆಗಿರಲಿಲ್ಲ. ಒಂದೇ ಕಡೆ ಒತ್ತಡ ಬೀಳಬಾರದು ಎಂದು ಉಳಿದ ಗೇಟುಗಳನ್ನೂ ಎತ್ತಿ ನೀರು ಬಿಟ್ಟಿದ್ದರು. ನದಿ ದಂಡೆಗೆ ಹೋಗಬಾರದು, ಅಷ್ಟೇ. ಅಪ್ಪ ಹೊರಗೆ ಬಂದು ಇದನ್ನು ಎಲ್ಲರಿಗೂ ನಿಧಾನವಾಗಿ ಹೇಳಿದ ಮೇಲೆ ಓಣಿ ತಣ್ಣಗಾಯಿತು. ವಾರದೊಳಗೆ, ಆಗಸ್ಟ್ 17 ರ ಹೊತ್ತಿಗೆ, ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟು ಇಳಿಸಿದರು.

ಗೇಟು ಎನ್ನುವುದು ಒಂದು ಶಬ್ದ, ಡ್ಯಾಮು ಎನ್ನುವುದು ಒಂದು ಶಬ್ದ. ಒಂದರ ಬದಲು ಒಂದು ಆದರೆ ಒಂದು ಮುದುಕಿ ಎಮ್ಮೆ ಹಿಡಿದುಕೊಂಡು ಅಳಬೇಕಾಗುತ್ತದೆ.

ನಮ್ಮ ಶಾಲೆಯ ನೇರ ಪ್ರಸಾರ

ನಮ್ಮಲ್ಲಿಯೂ ದಿನಾ ನೇರ ಪ್ರಸಾರ ನಡೆಯುತ್ತದೆ, ಗೊತ್ತೇ? ಅದೇ ಪ್ರಾರ್ಥನೆಯ ವೇಳೆಯ ವಾರ್ತೆ. ಮೈಕು ಇದೆ, ಓದುವವರು ಇದ್ದಾರೆ, ಕೇಳುವವರು ಇದ್ದಾರೆ. ಅಳಿಸುವ ರಬ್ಬರ್ ಇಲ್ಲ.

ದಸರಾ ರಜೆಗೆ ಮೊದಲು ಆರನೇ ತರಗತಿಯ ಒಬ್ಬ ಹುಡುಗಿ ವಾರ್ತೆ ಓದುವಾಗ 'ಮುಖ್ಯಮಂತ್ರಿಗಳಿಂದ ಶಂಕುಸ್ಥಾಪನೆ' ಎನ್ನುವುದನ್ನು 'ಶಂಖಸ್ಥಾಪನೆ' ಎಂದು ಓದಿದಳು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಅವತ್ತಿನಿಂದ ಅವಳಿಗೆ 'ಶಂಖ' ಎಂದು ಅಡ್ಡಹೆಸರು ಬಿತ್ತು. ನೀರು ಕುಡಿಯಲು ಹೋದರೆ ಬಾಯಿಗೆ ಕೈ ಇಟ್ಟು ಶಂಖ ಊದಿದಂತೆ ಮಾಡುತ್ತಾರೆ. ಅವಳು ಮತ್ತೆ ಮೈಕಿನ ಹತ್ತಿರ ಬಂದಿಲ್ಲ. ಅವಳ ಪಾಳಿ ಬಂದ ದಿನ ಹೊಟ್ಟೆನೋವು ಎಂದು ಮನೆಯಲ್ಲಿ ಉಳಿದಳು. ನಮ್ಮ ಶಾಲೆಯಲ್ಲಿ ಎಲ್ಲರಿಗಿಂತ ಗಟ್ಟಿ ದನಿ ಅವಳದು, ಹಿಂದಿನ ಸಾಲಿಗೂ ಕೇಳುತ್ತಿತ್ತು. ಈಗ ನಮಗೆ ಆ ದನಿ ಇಲ್ಲ.

ಮೇಲೆ ಬರೆದ ಎಲ್ಲ ಕಥೆಗಳನ್ನು ಕೂಡಿಸುವಾಗ ನನಗೆ ಅವಳದೇ ನೆನಪು. ಪ್ರಾಧ್ಯಾಪಕರ ಮಕ್ಕಳನ್ನು ನೋಡಿ ಜಗತ್ತು ನಕ್ಕಾಗ ಅವರ ಮನೆಯವರೂ ಜೊತೆಗೆ ನಕ್ಕರು. ಗೋವಾದ ನಿರೂಪಕಿಯನ್ನು ನೋಡಿ ನಕ್ಕಾಗ ಅವರೊಬ್ಬರೇ ಅತ್ತರು. ನನಗೆ ತಿಳಿದ ಮಟ್ಟಿಗೆ ಅಳತೆಗೋಲು ಇದೇ: ಎಡವಿದವರೂ ನಮ್ಮ ಜೊತೆ ನಗುತ್ತಿದ್ದರೆ ಅದು ನಗೆ. ಅವರು ನಗುವುದು ನಿಲ್ಲಿಸಿದ ಮೇಲೂ ನಾವು ನಗುತ್ತಿದ್ದರೆ ಅದು ಕಾಟ.

ವಾರ್ತೆ ಓದುವವರಿಗೆ ಮತ್ತು ಕೇಳುವವರಿಗೆ ಕೆಲವು ಸೂಚನೆಗಳು

1. ಓದುವ ಮೊದಲು ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಿರಿ. ಮನಸ್ಸಿನಲ್ಲಿ ಓದಿದರೆ ನಾಲಿಗೆಗೆ ಅಭ್ಯಾಸ ಆಗುವುದಿಲ್ಲ.
2. ಹೊಸ ಹೆಸರು, ಕಠಿಣ ಶಬ್ದ ಇದ್ದರೆ ಅಡಿಗೆರೆ ಹಾಕಿ ಗುರುಗಳನ್ನು ಕೇಳಿರಿ.
3. ತಪ್ಪಿದರೆ ನಾಲಿಗೆ ಕಚ್ಚಿಕೊಂಡು ನಿಲ್ಲಬೇಡಿರಿ. 'ಕ್ಷಮಿಸಿ' ಎಂದು ಸರಿಯಾಗಿ ಓದಿ ಮುಂದೆ ನಡೆಯಿರಿ. ದೊಡ್ಡ ದೊಡ್ಡ ವಾರ್ತಾವಾಚಕರೂ ಇದನ್ನೇ ಮಾಡುತ್ತಾರೆ.
4. ಮೈಕಿನ ಮುಂದೆ ಇರುವಷ್ಟು ಹೊತ್ತು ಮೈಕು ಚಾಲೂ ಇದೆ ಎಂದೇ ತಿಳಿಯಿರಿ.
5. ಸುದ್ದಿ ನಿಜವೋ ಸುಳ್ಳೋ ಎಂದು ಎರಡು ಕಡೆ ನೋಡಿ ಆಮೇಲೆ ಓದಿರಿ. ಮೊಬೈಲಿನಲ್ಲಿ ಬಂದದ್ದೆಲ್ಲ ಸುದ್ದಿಯಲ್ಲ.
6. ಸುದ್ದಿಯನ್ನು ಪೂರ್ತಿ ಕೇಳಿರಿ, ಆಮೇಲೆ ಓಣಿಗೆ ಹೇಳಿರಿ.
7. ಕೇಳುವವರು ಒಮ್ಮೆ ನಗಬಹುದು. ಅಡ್ಡಹೆಸರು ಇಡಬಾರದು.

'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಎಂದು ಗಾದೆ ಇದೆ. ಈ ಗಾದೆಯನ್ನು ಮೈಕಿನ ಮುಂದೆ ನಿಲ್ಲುವವರಿಗೆ ಹೇಳುತ್ತಾರೆ. ಕೆಳಗೆ ಸಾಲಿನಲ್ಲಿ ಕುಳಿತು ಅಡ್ಡಹೆಸರು ಕೂಗುವವರ ಮಾತೂ ಮಾತೇ ಅಲ್ಲವೇ?

ಬರುವ ಸೋಮವಾರದಿಂದ ವಾರ್ತೆಯ ಪಾಳಿ ಆರನೇ ತರಗತಿಯದು. ಗುರುವಾರ ಓದಬೇಕಾದವರ ಹೆಸರಿನ ಮುಂದೆ ಇನ್ನೂ ಸಹಿ ಬಿದ್ದಿಲ್ಲ. ಬೀಳಲಿ ಎಂದು ಕೇಳಿಕೊಳ್ಳುತ್ತೇನೆ. ನಾವು ಏಳನೇ ತರಗತಿಯವರು ಮುಂದಿನ ಸಾಲಿನಲ್ಲಿ ಕುಳಿತು ಸುಮ್ಮನೆ ಕೇಳುತ್ತೇವೆ.

ಇಂತಿ ನಿಮ್ಮ ಸಹಪಾಠಿ,
ಏಳನೇ ತರಗತಿ